ಒಂಟಿತೋಳಿನ ವೀರನೂ ನೋಡುಗರ ನ್ಯಾಯಸ್ಥಾನವೂ

(ಬಾನುಲಿ ಭಾಷಣ)

ನಾಟಕವೊಂದು ಗೆದ್ದಿತೆಂದು ತಿಳಿಯುವುದು ಹೇಗೆ? ಭರತಮುನಿ ಈ ಪ್ರಶ್ನೆಯನ್ನು ಬಹಳ ಮನಸ್ಸಿಟ್ಟು ಯೋಚಿಸಿದ್ದಾನೆ. ನಾಟ್ಯಶಾಸ್ತ್ರದ 27ನೆಯ ಅಧ್ಯಾಯ ಇದಕ್ಕೇ ಮೀಸಲು. ನೋಡುಗರು ಮುಗುಳ್ನಕ್ಕರೆ ಅದೊಂದು ಬಗೆ, ಅರೆನಗೆ ನಕ್ಕರೆ ಮತ್ತೊಂದು, ಗಹಗಹಿಸಿದರೆ ಇನ್ನೊಂದು. ಅವರು 'ಸಾಧು' ಎಂದರೋ, 'ಅಹೋ' ಎಂದು ಬೆರಗಾದರೋ, 'ಕಷ್ಟಂ' ಎಂದು ನಿಟ್ಟುಸಿರಿಟ್ಟರೋ, ಮೈನವಿರೆದ್ದು ಪೀಠ ಬಿಟ್ಟು ಎದ್ದರೋ, ಉತ್ತರೀಯವನ್ನೋ ಉಂಗುರವನ್ನೋ ರಂಗದ ಕಡೆಗೆ ಎಸೆದರೋ, ಇವೆಲ್ಲವೂ ಆತನ ಲೆಕ್ಕದಲ್ಲಿ ಸೇರಿವೆ. ಇದು ಮಾನುಷ ಸಿದ್ಧಿ. ಸದ್ದಿಲ್ಲದೆ, ಕ್ಷೋಭೆಯಿಲ್ಲದೆ, ತುಂಬಿದ ರಂಗಮಂದಿರ ತನ್ಮಯವಾಗಿ ಕುಳಿತಿದ್ದರೆ ಅದು ದೈವಿಕ ಸಿದ್ಧಿ. ನೋಡುಗನ ಅಭಿಪ್ರಾಯವನ್ನು ಇಷ್ಟು ಗೌರವದಿಂದ ಪಟ್ಟಿಮಾಡಿದ ಶಾಸ್ತ್ರಕಾರ ಜಗತ್ತಿನಲ್ಲಿ ಇನ್ನೊಬ್ಬನಿದ್ದಾನೆಯೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಈ ಅಧ್ಯಾಯವನ್ನು ನಾನು ಇಲ್ಲಿ ನೆನೆಯುತ್ತಿರುವುದು ಕಾಳಿದಾಸನನ್ನು ಕುರಿತು ಮಾತನಾಡುವುದಕ್ಕಲ್ಲ. 1976ರಲ್ಲಿ ತೆರೆಕಂಡ ಒಂದು ಬಡ ಚಿತ್ರವನ್ನು ಕುರಿತು. ಅದರಲ್ಲಿಯೂ ಅದನ್ನು ನೋಡಿದವರು ಆಡುವ ಮಾತುಗಳನ್ನು ಕುರಿತು. ಇಂಗ್ಲಿಷಿನಲ್ಲಿ ಅದರ ಹೆಸರು 'ಮಾಸ್ಟರ್ ಆಫ್ ದಿ ಫ್ಲೈಯಿಂಗ್ ಗಿಲಟಿನ್'. ಚೀನೀ ಹೆಸರಿನ ಅರ್ಥ ಇನ್ನೂ ನೇರವಾದದ್ದು: ಒಂಟಿತೋಳಿನ ಮುಷ್ಟಿಮಲ್ಲ ಹಾರುವ ಶಿರಚ್ಛೇದಕವನ್ನು ಪುಡಿಮಾಡಿದ ಕಥೆ. ಬ್ರೂಸ್ ಲೀಯ 'ಎಂಟರ್ ದಿ ಡ್ರ್ಯಾಗನ್' ನೋಡಿ ಬೆಳೆದ ನನ್ನ ತಲೆಮಾರಿನವರು ಇಂಥ ಚಿತ್ರಗಳನ್ನೆಲ್ಲ ಒಟ್ಟಾಗಿ 'ಕರಾಟೆ ಪಿಕ್ಚರು' ಎಂದು ಕರೆದು ಸುಮ್ಮನಾಗುತ್ತಿದ್ದೆವು. ಆ ಒಟ್ಟುರಾಶಿಯಿಂದ ಇದೊಂದನ್ನು ಎತ್ತಿ ನೋಡಬೇಕಾದದ್ದು ಏಕೆಂಬುದು ಮುಂದೆ ತಿಳಿಯುತ್ತದೆ.

ಈ ಚಿತ್ರದ ಕಥೆಗಾರ, ನಿರ್ದೇಶಕ, ನಾಯಕ ಮೂವರೂ ಒಬ್ಬನೇ, ಜಿಮ್ಮಿ ವಾಂಗ್ ಯೂ. 1943ರಲ್ಲಿ ಹುಟ್ಟಿದ ಈತ ಮೊದಲು ಹೆಸರಾದದ್ದು ಈಜುಗಾರನಾಗಿ. ಹಾಂಗ್‌ಕಾಂಗಿನ ಶಾ ಸಹೋದರರ ದೊಡ್ಡ ಸಂಸ್ಥೆಗೆ ಸೇರಿ, 1967ರಲ್ಲಿ ಚಾಂಗ್ ಚೆ ನಿರ್ದೇಶಿಸಿದ 'ಒಂಟಿತೋಳಿನ ಖಡ್ಗವೀರ'ನ ಪಾತ್ರದಿಂದ ಮನೆಮಾತಾದ. ಹಾಂಗ್‌ಕಾಂಗಿನಲ್ಲಿ ಹತ್ತು ಲಕ್ಷ ಡಾಲರು ಗಳಿಸಿದ ಮೊದಲ ಚಿತ್ರವೆಂದು ಅದನ್ನು ಹೇಳುತ್ತಾರೆ. 1970ರಲ್ಲಿ ಆತ ತಾನೇ ನಿರ್ದೇಶಿಸಿದ 'ಚೈನೀಸ್ ಬಾಕ್ಸರ್' ಖಡ್ಗವನ್ನು ಕೆಳಗಿಳಿಸಿ ಬರಿಗೈ ಕಾಳಗವನ್ನು ಮುಂದಕ್ಕೆ ತಂದಿತು. ಆಮೇಲೆ ಸಂಸ್ಥೆಯೊಡನೆ ಒಪ್ಪಂದದ ವ್ಯಾಜ್ಯವಾಯಿತು. ಹಾಂಗ್‌ಕಾಂಗಿನಲ್ಲಿ ಚಿತ್ರ ತಯಾರಿಸುವ ದಾರಿ ಮುಚ್ಚಿ ಆತ ತೈವಾನಿಗೆ ಹೋದ. ಅಲ್ಲಿ 1972ರ ಹೊತ್ತಿಗೆ ತನ್ನ ಹಳೆಯ ಕೀರ್ತಿಯ ಆಸ್ತಿಯಾದ ಆ ಇಲ್ಲದ ತೋಳನ್ನು ಮತ್ತೆ ಹೊರತೆಗೆದು, ಖಡ್ಗದ ಜಾಗದಲ್ಲಿ ಮುಷ್ಟಿಯನ್ನಿಟ್ಟು 'ಒಂಟಿತೋಳಿನ ಮುಷ್ಟಿಮಲ್ಲ' ಎಂಬ ಚಿತ್ರ ಮಾಡಿದ. ನಾನು ಹೇಳಹೊರಟ ಚಿತ್ರ ಅದರ ಉತ್ತರಭಾಗ.

ಉತ್ತರಭಾಗವೆಂದರೂ ಅದಕ್ಕೆ ಇಬ್ಬರು ತಂದೆಯರು. 1975ರಲ್ಲಿ ಅದೇ ಶಾ ಸಹೋದರರು 'ಫ್ಲೈಯಿಂಗ್ ಗಿಲಟಿನ್' ಎಂಬ ಚಿತ್ರವನ್ನು ತಂದಿದ್ದರು. 18ನೆಯ ಶತಮಾನದ ಯೊಂಗ್‌ಝೆಂಗ್ ಚಕ್ರವರ್ತಿಯ ಗುಪ್ತ ಕೊಲೆಗಾರರ ಕೈಯಲ್ಲಿತ್ತೆಂದು ಜನಪದ ಕಥೆಗಳು ಹೇಳುವ ಒಂದು ಆಯುಧ ಅದು. ಬುಟ್ಟಿಯಂಥ ಟೋಪಿ, ಒಳಗೆ ಅಲಗುಗಳು, ತುದಿಗೆ ಸರಪಳಿ. ದೂರದಿಂದ ಬೀಸಿದರೆ ತಲೆಯ ಮೇಲೆ ಕೂರುತ್ತದೆ. ಎಳೆದರೆ ತಲೆಯೊಂದಿಗೆ ಮರಳುತ್ತದೆ. ವಾಂಗ್ ಯೂ ಹಳೆಯ ಯಜಮಾನರ ಆ ಹೊಸ ಆಯುಧವನ್ನು ಎತ್ತಿಕೊಂಡು ತನ್ನ ಕಥೆಗೆ ಸೇರಿಸಿಬಿಟ್ಟ. ಒಂದು ಕಡೆಯಿಂದ ಮುಂದುವರಿಕೆ, ಇನ್ನೊಂದು ಕಡೆಯಿಂದ ಕೈಚಳಕ. ದೊಡ್ಡಮನೆಯ ಹಬ್ಬದಡಿಗೆಯ ವಾಸನೆ ಹಿಡಿದು ಪಕ್ಕದ ಬಡವರ ಮನೆಯಲ್ಲಿ ಒಗ್ಗರಣೆ ಹಾಕಿದ ಹಾಗೆ.

ಕಥೆ ಚಿಕ್ಕದು. ಮೊದಲ ಚಿತ್ರದಲ್ಲಿ ಒಂಟಿತೋಳಿನವನು ಕೊಂದವರಲ್ಲಿ ಇಬ್ಬರು ಲಾಮಾಗಳಿದ್ದರು. ಅವರ ಗುರು ಫುಂಗ್ ಶೆಂಗ್ ವೂ ಚಿ, ಕುರುಡ, ಚಕ್ರವರ್ತಿಯ ಸೇವಕ, ಶಿರಚ್ಛೇದಕ ವಿದ್ಯೆಯ ಆಚಾರ್ಯ. ಶಿಷ್ಯರ ಮರಣದ ಸುದ್ದಿ ಪಾರಿವಾಳದ ಮೂಲಕ ಬರುತ್ತದೆ. ಆತ ತನ್ನ ಗುಡಿಸಲಿಗೆ ತಾನೇ ಬೆಂಕಿಯಿಟ್ಟು ಸೇಡಿಗೆ ಹೊರಡುತ್ತಾನೆ. ಕಣ್ಣು ಕಾಣದವನಿಗೆ ಗೊತ್ತಿರುವ ಗುರುತು ಒಂದೇ, ಶತ್ರುವಿಗೆ ಒಂದು ತೋಳಿಲ್ಲ. ಹೋಟೆಲಿನಲ್ಲಿ ಒಂಟಿತೋಳಿನ ಮತ್ತೊಬ್ಬ ಬಡಪಾಯಿಯ ತಲೆ ಹೋಗುತ್ತದೆ. ಇವನು ಅವನಲ್ಲವೆಂದು ಜನ ಹೇಳಿದರೆ, ಹಾಗಾದರೆ ಒಂಟಿತೋಳಿನವರನ್ನೆಲ್ಲ ಕೊಲ್ಲುತ್ತೇನೆ ಎನ್ನುತ್ತಾನೆ. ಆ ಊರಿನಲ್ಲಿ ಒಂದು ಕಾಳಗದ ಪಂದ್ಯ ಏರ್ಪಾಡಾಗಿರುತ್ತದೆ. ಪಂದ್ಯಕ್ಕೆ ಬಂದ ಥಾಯ್ ಮಲ್ಲ, ಜಪಾನೀ ಯೋಧ, ಭಾರತದ ಯೋಗಿ ಮೂವರೂ ಕುರುಡನ ಪಕ್ಷ ಸೇರುತ್ತಾರೆ. ನಾಯಕ ಒಬ್ಬೊಬ್ಬರನ್ನಾಗಿ ಮುಗಿಸಿ, ಕೊನೆಗೆ ಶವಪೆಟ್ಟಿಗೆಗಳ ಅಂಗಡಿಯೊಂದರಲ್ಲಿ ಕುರುಡನನ್ನು ಎದುರಿಸುತ್ತಾನೆ.

ನಾನು ಇದನ್ನು ನೋಡಿದ್ದು ಮನೆಯಲ್ಲಿ, ಐದು ಜನರ ನಡುವೆ. ಕಾಲೇಜು ಓದುವ ಮೊಮ್ಮಗ ತನ್ನ ಕಂಪ್ಯೂಟರಿನಲ್ಲಿ ತೋರಿಸಿದ. ಸಂಸ್ಕೃತದ ಅಧ್ಯಾಪಕರಾಗಿ ನಿವೃತ್ತರಾದ ನನ್ನ ಗೆಳೆಯರು, ಬಡಾವಣೆಯ ಮಕ್ಕಳಿಗೆ ಕರಾಟೆ ಕಲಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ನನ್ನ ಮನೆಯವರು, ನಾನು. ಆ ಸಂಜೆ ಈ ಮಂದಿ ಆಡಿದ ಮಾತಿಗೂ, ಈ ಚಿತ್ರವನ್ನು ಕುರಿತು ಬೇರೆಬೇರೆ ದೇಶದ ನೋಡುಗರು ದಶಕಗಳಿಂದ ಆಡುತ್ತ ಬಂದಿರುವ ಮಾತಿಗೂ ಇರುವ ಹೋಲಿಕೆಯನ್ನು ಕಂಡು ನನಗೆ ಭರತನ ಅಧ್ಯಾಯ ನೆನಪಾಯಿತು.

ಮೊದಲು ಬಂದದ್ದು ನಗು. ನಾಯಕ ತನ್ನ ಶಿಷ್ಯರಿಗೆ ಉಸಿರಿನ ಸಾಧನೆಯ ಮಹಿಮೆಯನ್ನು ತೋರಿಸಲು ಬಿದಿರುಬುಟ್ಟಿಯ ಅಂಚಿನ ಮೇಲೆ ನಡೆಯುತ್ತಾನೆ, ಗೋಡೆ ಹತ್ತುತ್ತಾನೆ, ತಾರಸಿಗೆ ಪಾದವೂರಿ ತಲೆಕೆಳಗಾಗಿ ನಡೆಯುತ್ತಾನೆ. ಕ್ಯಾಮರಾವನ್ನು ತಿರುಗಿಸಿ ಹಿಡಿದಿದ್ದಾರೆಂಬುದು ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ. ನಾಯಕನ ಇಲ್ಲದ ತೋಳು ಅಂಗಿಯೊಳಗೆ ಮಡಿಸಿಟ್ಟಿರುವುದೂ ಗೊತ್ತಾಗುತ್ತದೆ. ಮೊಮ್ಮಗ ನಕ್ಕದ್ದು ಇದಕ್ಕೆ. ಎಲ್ಲ ದೇಶಗಳ ನೋಡುಗರೂ ಮೊದಲು ನಗುವುದು ಇದಕ್ಕೇ. 'ಎಷ್ಟು ಕೆಟ್ಟದಾಗಿದೆಯೋ ಅಷ್ಟು ಚೆನ್ನಾಗಿದೆ' ಎಂಬ ಬಗೆಯ ಮೆಚ್ಚುಗೆಯೊಂದು ಈ ಕಾಲದಲ್ಲಿ ಬಹಳ ಬಳಕೆಗೆ ಬಂದಿದೆ. ನನಗೆ ಆ ಮೆಚ್ಚುಗೆ ಅಷ್ಟಾಗಿ ಹಿಡಿಸುವುದಿಲ್ಲ. ಅದರಲ್ಲಿ ನೋಡುಗನು ತನ್ನ ಕುರ್ಚಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ಎಳೆದುಕೊಂಡಿರುತ್ತಾನೆ. ಯಕ್ಷಗಾನದಲ್ಲಿ ಒಂದು ಮರದ ಪೀಠ ಸಿಂಹಾಸನವೂ ಆಗುತ್ತದೆ, ರಥವೂ ಆಗುತ್ತದೆ. ಅಲ್ಲಿ ನಾವು ನಗುವುದಿಲ್ಲ. ಅದಕ್ಕೆ ನಾಟ್ಯಧರ್ಮಿ ಎಂದು ಹೆಸರು ಕೊಟ್ಟು ತಲೆದೂಗುತ್ತೇವೆ. ಬಡ ಚಿತ್ರದ ತಾರಸಿಯ ನಡಿಗೆಗೆ ಮಾತ್ರ ಆ ರಿಯಾಯಿತಿ ಇಲ್ಲ. ಕ್ಯಾಮರಾ ನಿಜವನ್ನೇ ಹೇಳುತ್ತದೆಂಬ ಒಪ್ಪಂದವನ್ನು ನಾವು ಅದರೊಡನೆ ಮಾಡಿಕೊಂಡಿರುವುದೇ ಇದಕ್ಕೆ ಕಾರಣವಿರಬೇಕು. ಸಿನಿಮಾ ತನ್ನ ಸುಳ್ಳನ್ನು ಮುಚ್ಚಲು ಹಣ ಸುರಿಯಬೇಕಾಗುತ್ತದೆ. ಹಣವಿಲ್ಲದವನ ಸುಳ್ಳು ಹೊರಗೆ ಕಾಣುತ್ತದೆ, ಅಷ್ಟೇ.

ಇನ್ನು ನಮ್ಮ ದೇಶದ ಯೋಗಿಯ ವಿಚಾರ. ಕಂದು ಬಣ್ಣ ಬಳಿದುಕೊಂಡ ಚೀನೀ ನಟನೊಬ್ಬ ಕಾಳಗದ ನಡುವೆ ತನ್ನ ತೋಳುಗಳನ್ನು ಮಾರುಗಟ್ಟಲೆ ಉದ್ದ ಮಾಡುತ್ತಾನೆ. ತೋಳುಗಳು ಮರದ ಕೊರಡಿನಂತೆ ಬಿಗಿಯಾಗಿ ಚಾಚಿಕೊಳ್ಳುತ್ತವೆ. ಇದನ್ನು ಕಂಡು ಮೊಮ್ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. "ತಾತ, ಇವನು ನಮ್ಮ ಧಾಲ್ಸಿಮ್!" ಎಂದ. 1991ರಲ್ಲಿ ಜಪಾನಿನ ಕಂಪನಿಯೊಂದು ತಂದ 'ಸ್ಟ್ರೀಟ್ ಫೈಟರ್' ಎಂಬ ಆಟದ ಎರಡನೆಯ ಭಾಗದಲ್ಲಿ ಆ ಹೆಸರಿನ ಭಾರತೀಯ ಯೋಗಿಯೊಬ್ಬನಿದ್ದಾನಂತೆ. ಅವನ ಕೈಕಾಲುಗಳೂ ಹೀಗೆಯೇ ನೀಳವಾಗುತ್ತವಂತೆ. ಹೋಲಿಕೆ ಆಟಗಾರರ ಕಣ್ಣಿಗೆ ಬೀಳದೆ ಉಳಿದಿಲ್ಲ. ನನ್ನ ಸಂಸ್ಕೃತದ ಗೆಳೆಯರಿಗೆ ಮಾತ್ರ ಮುಖ ಗಂಟಾಯಿತು. "ಇವನು ಯೋಗಿಯಲ್ಲ ಮಾರಾಯರೆ, ಕಬಂಧ. ರಾಮಲಕ್ಷ್ಮಣರು ತೋಳು ಕತ್ತರಿಸಿದರಲ್ಲ, ಆ ರಾಕ್ಷಸ. ನಮ್ಮ ಪತಂಜಲಿಯನ್ನೂ ನಮ್ಮ ಕಬಂಧನನ್ನೂ ಕಲಸಿ ಒಂದು ಗೊಂಬೆ ಮಾಡಿದ್ದಾರೆ" ಎಂದರು.

ಅವರ ಮಾತು ವಿನೋದವೆಂಬಂತೆ ಬಂದರೂ ಅದರಲ್ಲಿ ನೋವಿತ್ತು. ನೋವಿಗೆ ಅರ್ಥವೂ ಇತ್ತು. ಈ ಚಿತ್ರಗಳಲ್ಲಿ ಪ್ರತಿಯೊಂದು ದೇಶವೂ ಒಂದು ಹೊಡೆತದ ಶೈಲಿಯಾಗಿ ಮಾತ್ರ ಬರುತ್ತದೆ. ಥಾಯ್ ದೇಶವೆಂದರೆ ಮೊಣಕಾಲು, ಜಪಾನೆಂದರೆ ಕಪಟ, ಭಾರತವೆಂದರೆ ಮಾಯೆ. ಆದರೆ ಅದನ್ನು ಹೇಳುವಾಗ ನಮ್ಮ ಕನ್ನಡ ಚಿತ್ರಗಳ ನೆನಪೂ ನನಗಿರಬೇಕು. ನಮ್ಮ ಹಳೆಯ ಪತ್ತೇದಾರಿ ಚಿತ್ರಗಳ ಕಳ್ಳಸಾಗಣೆಯ ಅಡ್ಡೆಗಳಲ್ಲಿ ಕಿರುಗಣ್ಣಿನ, ಇಳಿಬಿದ್ದ ಮೀಸೆಯ ಚೀನೀಯನಂಥವನೊಬ್ಬ ಕಾಣಿಸಿಕೊಂಡರೆ ನಾವು ಯಾರೂ ಪ್ರತಿಭಟಿಸಿದವರಲ್ಲ. ನೋಡುಗನ ಅಭಿಪ್ರಾಯವೆಂಬುದು ಅವನು ಯಾವ ಬೆಂಚಿನ ಮೇಲೆ ಕುಳಿತಿದ್ದಾನೆ ಎಂಬುದನ್ನು ಅವಲಂಬಿಸಿದ್ದು. ಯೋಗಿಯನ್ನು ಕಂಡು ಅಮೆರಿಕದ ನೋಡುಗ ನಗುವುದೂ ಮೈಸೂರು ಸೀಮೆಯ ಸಂಸ್ಕೃತ ಪಂಡಿತರು ನೋಯುವುದೂ ಒಂದೇ ಚಿತ್ರದ ಎರಡು ಸತ್ಯವಾದ ವಿಮರ್ಶೆಗಳು.

ಎರಡನೆಯ ಅಭಿಪ್ರಾಯ ಕರಾಟೆಯ ಹುಡುಗನದು. "ಸರ್, ಹೀರೋಗೆ ಫೈಟಿಂಗ್ ಬರಲ್ಲ" ಎಂದ, ಚಿತ್ರ ಆರಂಭವಾಗಿ ಹತ್ತು ನಿಮಿಷವಾಗಿತ್ತೋ ಇಲ್ಲವೋ. ನನಗೆ ಏನೂ ಗೊತ್ತಾಗಿರಲಿಲ್ಲ. ಆತ ವಿವರಿಸಿದ ಮೇಲೆ ಕಂಡಿತು. ವಾಂಗ್ ಯೂನ ಹೊಡೆತ ಭುಜದಿಂದ ಬರುತ್ತದೆಯೇ ಹೊರತು ಸೊಂಟದಿಂದ ಬರುವುದಿಲ್ಲ. ಕಾಲು ನೆಲ ಹಿಡಿಯುವುದಿಲ್ಲ. ಹೊಡೆತದ ಮಧ್ಯೆ ದೃಶ್ಯ ಕತ್ತರಿಸುತ್ತಾರೆ. ಅದೇ ಪಂದ್ಯದ ಭಾಗ ಬಂದಾಗ ಆತ ಮುಂದಕ್ಕೆ ಬಾಗಿ ಕುಳಿತ. ಅಲ್ಲಿ ದೃಶ್ಯ ಕತ್ತರಿಸುವುದು ಕಡಿಮೆ. ಎರಡು ದೇಹಗಳೂ ತಲೆಯಿಂದ ಪಾದದವರೆಗೆ ಕಾಣುತ್ತವೆ. "ಇದನ್ನ ಯಾರೋ ಗೊತ್ತಿರೋರು ಮಾಡಿಸಿದ್ದಾರೆ ಸರ್" ಎಂದ. ಆತನ ಊಹೆ ಸರಿಯಾಗಿತ್ತು. ಈ ಚಿತ್ರದ ಕಾಳಗಗಳನ್ನು ಸಂಯೋಜಿಸಿದವರು ಲಾವ್ ಕಾರ್‌ಲಿಯಂಗ್ ಮತ್ತು ಆತನ ತಮ್ಮ ಲಾವ್ ಕಾರ್‌ವಿಂಗ್. ಪರಂಪರೆಯ ವಿದ್ಯೆ ಕಲಿತ ಮನೆತನ ಅವರದು. ಎರಡೇ ವರ್ಷಗಳ ಅನಂತರ, 1978ರಲ್ಲಿ, ಹಿರಿಯನು ನಿರ್ದೇಶಿಸಿದ 'ಶಾವೊಲಿನ್ನಿನ 36ನೆಯ ಅಂಕಣ' ಈ ಜಾತಿಯ ಚಿತ್ರಗಳಲ್ಲಿ ಶ್ರೇಷ್ಠವೆಂದು ಹೆಸರಾಯಿತು.

ಇಲ್ಲಿ ಮತ್ತೆ ಭರತನ ಮಾತನ್ನು ಹೇಳಬೇಕು. ಪ್ರಯೋಗದ ಬಗೆಗೆ ವಿವಾದ ಬಂದರೆ ತೀರ್ಪು ಕೊಡಬೇಕಾದ ಪ್ರಾಶ್ನಿಕರು ಹತ್ತು ಬಗೆಯವರೆಂದು ಆತ ಹೇಳುತ್ತಾನೆ. ಯಜ್ಞದ ದೃಶ್ಯಕ್ಕೆ ಯಜ್ಞ ಬಲ್ಲವನು, ಛಂದಸ್ಸಿಗೆ ಛಂದೋವಿದ, ಮಾತಿನ ಶುದ್ಧಿಗೆ ವೈಯಾಕರಣ, ಅಭಿನಯಕ್ಕೆ ನಟ, ಗಾನಕ್ಕೆ ಗಾಯಕ, ಶೃಂಗಾರದ ಉಪಚಾರಕ್ಕೆ ಗಣಿಕೆ, ಹೀಗೆ. ಆ ಹತ್ತು ಜನರಲ್ಲಿ ಬಿಲ್ಲುಗಾರನೊಬ್ಬನಿದ್ದಾನೆ! ಅಸ್ತ್ರ ಹಿಡಿಯುವ ಭಂಗಿ ಸರಿಯೇ ಎಂದು ನೋಡಲು ಅವನು ಬೇಕು. ಎಂ.ಎ. ತರಗತಿಗಳಲ್ಲಿ ಮೂವತ್ತು ವರ್ಷ ಕಾವ್ಯಮೀಮಾಂಸೆ ಪಾಠ ಹೇಳಿದ ನನಗೆ ಆ ಬಿಲ್ಲುಗಾರ ಪಟ್ಟಿಯಲ್ಲಿನ ಒಂದು ಹೆಸರಾಗಿದ್ದ. ಆ ಸಂಜೆ ಅವನು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದ. ಶೂರರು ಬೀಭತ್ಸ ರೌದ್ರಗಳಲ್ಲಿಯೂ ನಿಯುದ್ಧದಲ್ಲಿಯೂ ಸಂತೋಷಪಡುತ್ತಾರೆಂದು ಅದೇ ಅಧ್ಯಾಯದಲ್ಲಿ ಬರುತ್ತದೆ. ನಿಯುದ್ಧವೆಂದರೆ ಬರಿಗೈ ಕಾಳಗ. ಎಲ್ಲ ಗುಣಗಳೂ ಒಬ್ಬನೇ ನೋಡುಗನಲ್ಲಿ ಇರಲಾರವೆಂಬ ಮಾತನ್ನೂ ಭರತ ಸೇರಿಸಿದ್ದಾನೆ. ನಾವು ಪಂಡಿತರು ಈ ಮಾತನ್ನು ಮರೆತು 'ಸಹೃದಯ' ಎಂಬ ಒಂದೇ ಗುಂಡುಕಲ್ಲನ್ನು ಎಲ್ಲದಕ್ಕೂ ತೂಕಕ್ಕಿಡುತ್ತೇವೆ.

ಆ ಪಂದ್ಯ ಚಿತ್ರದ ನಡುಭಾಗವನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಜೋಡಿಯ ಮೇಲೆ ಜೋಡಿ ಬಂದು ಕಾದಾಡುತ್ತವೆ. ಒಂದು ಕಾಳಗವಂತೂ ನೆಟ್ಟ ಕಂಬಗಳ ಮೇಲೆ, ಕೆಳಗೆ ಅಲಗುಗಳನ್ನು ನಿಲ್ಲಿಸಿ. ಕಥೆ ನಿಂತೇ ಹೋಯಿತೆಂದು ಕೆಲವು ನೋಡುಗರ ದೂರು. ಇದೇ ಚಿತ್ರದ ಜೀವಾಳವೆಂದು ಇನ್ನು ಕೆಲವರ ವಾದ. ಎರಡು ಪಕ್ಷದವರೂ ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಈ ಅಷ್ಟೂ ಹೊತ್ತು ನಾಯಕ ಕಾದಾಡುವುದಿಲ್ಲ. ಶಿಷ್ಯರೊಡನೆ ಜನರ ನಡುವೆ ಕುಳಿತು ನೋಡುತ್ತಿರುತ್ತಾನೆ. ಯೋಗಿಯ ತೋಳು ಎಷ್ಟು ದೂರ ಚಾಚುತ್ತದೆ, ಥಾಯ್ ಮಲ್ಲನ ಕಾಲಿಗೆ ಪಾದರಕ್ಷೆಯಿದೆಯೇ ಇಲ್ಲವೇ, ಇವೆಲ್ಲ ಅವನಿಗೆ ತಿಳಿದದ್ದು ಅಲ್ಲಿ ಕುಳಿತು ನೋಡಿ. ಹೊಡೆದಾಡಲು ಹೆಚ್ಚು ಬಾರದ ನಟ ತನ್ನ ನಾಯಕನನ್ನು ಒಳ್ಳೆಯ ಪ್ರೇಕ್ಷಕನನ್ನಾಗಿ ಮಾಡಿಕೊಂಡಿದ್ದಾನೆ. ಬಡತನದಿಂದ ಹುಟ್ಟಿದ ಉಪಾಯವೋ ಬುದ್ಧಿಯಿಂದ ಹುಟ್ಟಿದ ಉಪಾಯವೋ, ಬೇರ್ಪಡಿಸುವುದು ಕಷ್ಟ.

ಈಗ ಮೂರನೆಯ ಅಭಿಪ್ರಾಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದು.

ಥಾಯ್ ಮಲ್ಲನನ್ನು ಒಂಟಿತೋಳಿನವನು ಎದುರಿಸುವುದು ಬಯಲಿನಲ್ಲಿ ಅಲ್ಲ. ಅವನನ್ನು ಒಂದು ಮನೆಯೊಳಕ್ಕೆ ಬರಮಾಡಿಕೊಳ್ಳುತ್ತಾನೆ. ಮನೆಯ ನೆಲ ಕಬ್ಬಿಣದ್ದು. ಒಳಗೆ ಬಂದೊಡನೆ ಶಿಷ್ಯರು ಹೊರಗಿನಿಂದ ಬಾಗಿಲು ಜಡಿದು ನೆಲದ ಕೆಳಗೆ ಬೆಂಕಿ ಹಾಕುತ್ತಾರೆ. ನಾಯಕನ ಕಾಲಿಗೆ ಪಾದರಕ್ಷೆಯಿದೆ. ಥಾಯ್ ಮಲ್ಲನದು ಅವನ ದೇಶದ ಸಂಪ್ರದಾಯದಂತೆ ಬರಿಗಾಲು. ನೆಲ ಕಾಯುತ್ತದೆ. ಅವನು ಒಂದು ಕಾಲೆತ್ತಿ ಇನ್ನೊಂದು ಕಾಲಿಟ್ಟು ಕುಣಿಯತೊಡಗುತ್ತಾನೆ. ಕಿಟಕಿಯ ಕಡೆಗೆ, ಬಾಗಿಲ ಕಡೆಗೆ ಓಡುತ್ತಾನೆ. ಹೊರಗಿನಿಂದ ಶಿಷ್ಯರು ತಡೆಯುತ್ತಾರೆ. ಆ ಸುಟ್ಟ ನೆಲದ ಮೇಲೆಯೇ ಅವನ ಕಥೆ ಮುಗಿಯುತ್ತದೆ.

ನಮ್ಮ ಕೋಣೆಯಲ್ಲಿ ನಗು ನಿಂತಿತ್ತು. ಮೊಮ್ಮಗ, "ಇದು ಚೀಟಿಂಗ್ ಅಲ್ವಾ ತಾತ?" ಎಂದ. ಈ ಒಂದು ಪ್ರಶ್ನೆಯನ್ನು ಕೇಳದ ನೋಡುಗನಿಲ್ಲ. ಈ ಚಿತ್ರದ ಬಗೆಗೆ ಜನ ಆಡುವ ಮಾತುಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ: ನಾಯಕ ಮೋಸಗಾರ, ಖಳನಾಯಕನೇ ಎಷ್ಟೋ ವಾಸಿ. ಕೊನೆಯ ಕಾಳಗದಲ್ಲಿಯೂ ಹಾಗೆಯೇ. ಬಿದಿರುಗಳುಗಳನ್ನು ಮುಂದೊಡ್ಡಿ ಶಿರಚ್ಛೇದಕದ ಅಲಗುಗಳನ್ನು ಮುರಿಯುತ್ತಾನೆ; ಶವಪೆಟ್ಟಿಗೆಯ ಅಂಗಡಿಯಲ್ಲಿ ತಾನಾಗಿ ಚಿಮ್ಮುವ ಕೊಡಲಿಗಳನ್ನು ಮೊದಲೇ ಹೂಡಿಸಿಟ್ಟಿರುತ್ತಾನೆ. ಎದುರಾಳಿ ಕುರುಡ, ಒಬ್ಬಂಟಿ, ಮುದುಕ.

ಕರಾಟೆಯ ಹುಡುಗ ನಾಯಕನ ಪಕ್ಷ ವಹಿಸಿದ. "ಪಂದ್ಯದಲ್ಲಿ ಮಾತ್ರ ನಿಯಮ ಸರ್. ಕೊಲ್ಲೋಕೇ ಬಂದವನ ಹತ್ರ ನಿಯಮ ಎಲ್ಲಿದೆ? ಒಂದು ಕೈ ಇರೋನು ಎರಡು ಕೈ ಇರೋನ ಮುಂದೆ ಸಮ ಆಗೋದು ಹೇಗೆ?" ಎಂದ. ಗೆಳೆಯರು ಥಟ್ಟನೆ, "ಭೀಮನೂ ಇದನ್ನೇ ಹೇಳಿದ್ದು!" ಎಂದರು.

ಆ ಹೆಸರು ಬಂದದ್ದೇ ತಡ, ನನಗೆ ಇಡೀ ಚಿತ್ರ ಬೇರೆ ಬೆಳಕಿನಲ್ಲಿ ಕಾಣತೊಡಗಿತು. ಗದಾಯುದ್ಧದಲ್ಲಿ ಕೃಷ್ಣ ತೊಡೆ ತಟ್ಟಿ ತೋರಿಸುತ್ತಾನೆ, ಭೀಮ ತೊಡೆಗೆ ಹೊಡೆಯುತ್ತಾನೆ. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದೆಯ ನಿಯಮ. ಆಗ ಕೆರಳಿ ಎದ್ದು ನಿಂತವನು ಯಾರು? ಬಲರಾಮ. ಅವನು ಆ ಯುದ್ಧದಲ್ಲಿ ಯಾವ ಪಕ್ಷದವನೂ ಅಲ್ಲ. ತೀರ್ಥಯಾತ್ರೆಯಿಂದ ಬಂದು ಅಲ್ಲಿ ಕುಳಿತ ನೋಡುಗ. ಜೊತೆಗೆ ಇಬ್ಬರಿಗೂ ಗದೆಯ ವಿದ್ಯೆ ಕಲಿಸಿದ ಗುರು. ಅಂದರೆ ಭರತನ ಪಟ್ಟಿಯ ಅಸ್ತ್ರ ಬಲ್ಲ ಪ್ರಾಶ್ನಿಕ. ನೇಗಿಲು ಎತ್ತಿ ಭೀಮನ ಮೇಲೆ ಏರಿಹೋದ ಅವನ ಸಿಟ್ಟಿಗೂ, ತೈವಾನಿನ ಬಡ ಚಿತ್ರದ ನಾಯಕನನ್ನು ಮೋಸಗಾರನೆಂದು ಬಯ್ಯುವ ಇಂದಿನ ಹುಡುಗನ ಸಿಟ್ಟಿಗೂ ಮೂಲ ಒಂದೇ. ಗೆದ್ದವನು ನಮ್ಮವನೇ, ಸತ್ತವನು ಕೆಟ್ಟವನೇ. ಆದರೂ ಹೊಡೆತ ಬಿದ್ದ ಜಾಗ ಸರಿಯಲ್ಲ.

ರನ್ನನ ಗದಾಯುದ್ಧವನ್ನು ಓದಿದ ಕನ್ನಡಿಗರಿಗೆ ಇನ್ನೊಂದು ಅನುಭವವೂ ಹೊಸದಲ್ಲ. ಕವಿ ಭೀಮನ ವಿಜಯವನ್ನು ಹಾಡಲು ಹೊರಟಿದ್ದಾನೆ, ಕೃತಿಯ ಹೆಸರೇ 'ಸಾಹಸಭೀಮವಿಜಯ'. ಆದರೆ ಸತ್ತ ತಮ್ಮಂದಿರನ್ನೂ ಗುರುವನ್ನೂ ಗೆಳೆಯನನ್ನೂ ಕಂಡು ರಣರಂಗದಲ್ಲಿ ಅಲೆಯುವ ದುರ್ಯೋಧನ ಓದುಗನ ಹೃದಯವನ್ನು ಕಸಿದುಕೊಂಡುಬಿಡುತ್ತಾನೆ. ಹೀಗಾಗುವುದು ಕಥೆಯ ಕೊನೆಯ ಭಾಗದಲ್ಲಿ. ಕಥೆಯ ಮೊದಲಲ್ಲಿ ದುಃಖ ಪಾಂಡವರದು. ಸಭೆಯಲ್ಲಿ ಸೀರೆ ಸೆಳೆಸಿಕೊಂಡವಳು ಅವರ ಹೆಂಡತಿ. ಕೊನೆಗೆ ಬರುವ ಹೊತ್ತಿಗೆ ದುಃಖ ಆಚೆ ಪಕ್ಷಕ್ಕೆ ದಾಟಿರುತ್ತದೆ.

ಉತ್ತರಭಾಗಗಳ ಗುಟ್ಟು ಇಲ್ಲಿದೆಯೆಂದು ನಾನು ತಿಳಿದಿದ್ದೇನೆ. 1972ರ ಚಿತ್ರದಲ್ಲಿ ತೋಳು ಕಳೆದುಕೊಂಡವನು, ಗುರುವನ್ನೂ ಸಹಪಾಠಿಗಳನ್ನೂ ಕಳೆದುಕೊಂಡವನು ನಾಯಕ. ಸೇಡಿನ ಹಕ್ಕು ಅವನದು. ಸೇಡು ತೀರಿತು, ಚಿತ್ರ ಮುಗಿಯಿತು. ಹಣಕ್ಕಾಗಿ ಕಥೆಯನ್ನು ಮುಂದುವರಿಸಬೇಕಾದಾಗ ನಾಯಕನ ಬಳಿ ದುಃಖವೇ ಉಳಿದಿಲ್ಲ! ಅದನ್ನು ಬೇರೆ ಯಾರಿಗಾದರೂ ಕೊಡಬೇಕು. ಸತ್ತವರಿಗೆ ಒಬ್ಬ ಗುರುವನ್ನು ಹುಟ್ಟಿಸಿದರು. ಹುಟ್ಟಿಸಿದ ಕ್ಷಣವೇ ನ್ಯಾಯದ ತಕ್ಕಡಿ ಅವನ ಕಡೆಗೆ ವಾಲಿತು. ನಿರ್ಮಾಪಕರು ಇದನ್ನು ಬಯಸಿದ್ದರೆಂದು ನಾನು ಹೇಳುವುದಿಲ್ಲ. ನೋಡುಗರು ಅದನ್ನು ಕಂಡುಕೊಂಡರು. ಆ ಸಂಜೆ ಅದನ್ನು ಮೊದಲು ಕಂಡವರು, ಅಡಿಗೆಮನೆಗೂ ಹಜಾರಕ್ಕೂ ಓಡಾಡುತ್ತ ಅರ್ಧ ಚಿತ್ರವನ್ನಷ್ಟೇ ನೋಡಿದ ನನ್ನ ಮನೆಯವರು. "ಮಕ್ಕಳನ್ನ ಕಳಕೊಂಡ ಮುದುಕನ ಹಾಗಿದ್ದಾನೆ ಪಾಪ. ಇವನನ್ನ ಯಾಕೆ ಕೆಟ್ಟೋನು ಅಂತೀರಿ?" ಎಂದರು. ಹೋಟೆಲಿನಲ್ಲಿ ನಿರಪರಾಧಿಯ ತಲೆ ತೆಗೆದದ್ದನ್ನು ನಾನು ನೆನಪಿಸಿದೆ. "ಅದೂ ಸರಿಯೇ" ಎಂದು ಒಪ್ಪಿದರು. ಆದರೆ ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಾಮ್ ಕಾಂಗ್ ಎಂಬ ನಟ ಬಿಳಿಯ ಉದ್ದ ಹುಬ್ಬುಗಳನ್ನು ಅಂಟಿಸಿಕೊಂಡು ಮಾಡಿರುವ ಆ ಕುರುಡನ ಪಾತ್ರವೇ ನೋಡುಗರ ನೆನಪಿನಲ್ಲಿ ಉಳಿದಿದೆ. ಇಂಗ್ಲಿಷ್ ಹೆಸರಿನಲ್ಲಿ 'ಮಾಸ್ಟರ್' ಎಂದಿರುವುದೂ ಅವನನ್ನೇ.

ಆ ಕುರುಡ ಬರುವಾಗಲೆಲ್ಲ ಕೇಳಿಸುವ ಸಂಗೀತದ ಬಗೆಗೆ ಒಂದು ಮಾತು ಹೇಳದಿದ್ದರೆ ಈ ಭಾಷಣ ಪೂರ್ತಿಯಾಗದು. ಭಾರವಾದ, ಎಳೆದೆಳೆದು ನಡೆಯುವ, ಯಂತ್ರವೊಂದು ನರಳುವಂಥ ಸದ್ದು. ನಮ್ಮಲ್ಲಿ ಎಲ್ಲರಿಗೂ ಮೈ ಜುಮ್ಮೆಂದಿತು. ಅದು ಜರ್ಮನಿಯದು. 'ನೊಯ್' ಎಂಬ ಹೆಸರಿನ ಇಬ್ಬರು ತರುಣರ ತಂಡ 1973ರಲ್ಲಿ ತಮ್ಮ ಎರಡನೆಯ ಧ್ವನಿಮುದ್ರಿಕೆಯನ್ನು ಮಾಡುತ್ತಿದ್ದಾಗ ಅರ್ಧದಲ್ಲಿಯೇ ಹಣ ಮುಗಿಯಿತು. ಉಳಿದ ಮುಖವನ್ನು ತುಂಬಿಸಲು ಅವರು ಹೊಸದೇನನ್ನೂ ನುಡಿಸಲಿಲ್ಲ. ಮೊದಲೇ ಹೊರತಂದಿದ್ದ ತಮ್ಮ ಹಾಡುಗಳನ್ನೇ ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ ತಿರುಗಿಸಿ ಅಚ್ಚುಹಾಕಿಬಿಟ್ಟರು. ನಿಮಿಷಕ್ಕೆ 16 ಸುತ್ತಿನ ನಿಧಾನದಲ್ಲಿ ತಿರುಗಿಸಿದ 'ಸೂಪರ್' ಎಂಬ ಹಾಡೇ ನಮ್ಮ ಕುರುಡನ ಹೆಜ್ಜೆಯ ಸದ್ದು. ಕಂಡ ಮುದ್ರಿಕೆಯಿಂದ ಸಂಗೀತ ಎತ್ತಿಕೊಳ್ಳುವುದು ಅಂದಿನ ಆ ಚಿತ್ರೋದ್ಯಮದಲ್ಲಿ ಮಾಮೂಲಾಗಿತ್ತು. ಹೊಸ ಸಂಗೀತ ಮಾಡಿಸಲು ಇವರಲ್ಲಿಯೂ ಹಣವಿಲ್ಲ. ಅಲ್ಲೊಂದು ಬರಿಗೈ, ಇಲ್ಲೊಂದು ಬರಿಗೈ. ಎರಡರ ನಡುವೆ ಈ ಭೀಕರವಾದ ನಡಿಗೆ ಹುಟ್ಟಿತು. 2003ರಲ್ಲಿ ಅಮೆರಿಕದ ಕ್ವೆಂಟಿನ್ ಟ್ಯಾರಂಟಿನೋ ತನ್ನ 'ಕಿಲ್ ಬಿಲ್' ಚಿತ್ರದ ಮೊದಲ ಭಾಗದಲ್ಲಿ ಅದೇ ನಿಧಾನದ ಸದ್ದನ್ನು ಬಳಸಿದ. ಆತನ ಚಿತ್ರಕ್ಕೆ ಹಣದ ಕೊರತೆಯಿರಲಿಲ್ಲ. ಆದರೂ ಆ ಸದ್ದನ್ನು ಅವನು ಬದಲಿಸಲಿಲ್ಲ.

ಇಂಥ ಚಿತ್ರಗಳು ಪಶ್ಚಿಮದ ನೋಡುಗರಿಗೆ ಮೊದಲು ಸಿಕ್ಕದ್ದು ಗೀಚಿದ ಪ್ರತಿಗಳಲ್ಲಿ, ತುಟಿಗೆ ಮಾತು ಹೊಂದದ ಇಂಗ್ಲಿಷಿನಲ್ಲಿ. ಅಂದಿನ ನಗೆಯಲ್ಲಿ ಅರ್ಧಪಾಲು ಆ ಇಂಗ್ಲಿಷಿಗೆ ಸೇರಬೇಕಾದದ್ದು. ಆಮೇಲೆ ಶುದ್ಧಗೊಳಿಸಿದ ಪ್ರತಿಗಳು ಮೂಲ ಚೀನೀ ಮಾತಿನೊಡನೆ ಬಂದವು. ನಗು ಪೂರ್ತಿಯಾಗಿ ಹೋಗಲಿಲ್ಲ. ಅದರ ಪಕ್ಕದಲ್ಲಿ ಗೌರವವೂ ಬಂದು ಕುಳಿತಿತು. ವಾಂಗ್ ಯೂ 2022ರ ಏಪ್ರಿಲ್‌ನಲ್ಲಿ ತೈಪೆಯಲ್ಲಿ ತೀರಿಕೊಂಡಾಗ ಅವನನ್ನು ಸ್ಮರಿಸಿದವರು ಖಡ್ಗವೀರನ ಜೊತೆಗೆ ಈ ಮೋಸಗಾರ ಮುಷ್ಟಿಮಲ್ಲನನ್ನೂ ಮರೆಯಲಿಲ್ಲ.

ಚಿತ್ರ ನೋಡಿದ ಮರುವಾರ ಮೊಮ್ಮಗ ಮೊದಲ ಭಾಗವನ್ನೂ ಹುಡುಕಿ ನೋಡಿದ. ಆ ಲಾಮಾಗಳು ನಿಜವಾಗಿ ಏನು ಮಾಡಿದ್ದರೆಂದು ತಿಳಿಯಬೇಕಾಗಿತ್ತಂತೆ. ಅವರು ಹಣಕ್ಕೆ ಬಂದ ಬಂಟರು. ಸೇಡಿಗೆ ಒಳಗಾಗಲು ತಕ್ಕಷ್ಟು ಪಾಪ ಮಾಡಿದವರೇ. ರಾತ್ರಿ ಊಟಕ್ಕೆ ಕುಳಿತಾಗ ಅವನು ಕೇಳಿದ: "ಇದನ್ನೆಲ್ಲ ಆ ಮುದುಕನಿಗೆ ಯಾರೂ ಹೇಳಲೇ ಇಲ್ವಾ ತಾತ?" ನಾನು ಉತ್ತರ ಹುಡುಕುತ್ತಿದ್ದೆ. ಮನೆಯವರು ಅವನ ಎಲೆಗೆ ಸಾರು ಬಡಿಸುತ್ತ, "ಪಾರಿವಾಳದ ಕಾಲಿಗೆ ಕಟ್ಟೋ ಚೀಟಿಯಲ್ಲಿ ಅಷ್ಟೆಲ್ಲ ಬರೆಯೋಕೆ ಜಾಗ ಎಲ್ಲಿರುತ್ತೆ?" ಎಂದರು.